ಮಾವನ ಮೂರು ಗಂಟಿನ ಲೆನ್ಸು

ನನ್ನ ಸೋದರಮಾವ ಒಂದು ಕ್ಯಾಮೆರಾ ಲೆನ್ಸನ್ನು ಎರಡು ತಿಂಗಳು ಚೆನ್ನಾಗಿ ಬಳಸಿದರು. ಅದರಲ್ಲೇನು ವಿಶೇಷ ಎನ್ನುತ್ತೀರಾ? ಬಳಸಿದ್ದು ಅದನ್ನು ಕೊಳ್ಳುವುದಕ್ಕೆ ಮುಂಚೆ! ಅಂಗಡಿಯವನನ್ನು ಕಾಡಿ ಬೇಡಿ ತಂದದ್ದಲ್ಲ, ಸ್ನೇಹಿತರ ಹತ್ತಿರ ಎರವಲು ಪಡೆದದ್ದೂ ಅಲ್ಲ. ಲೆನ್ಸೇ ಇಲ್ಲದೆ ಲೆನ್ಸು ಬಳಸುವ ವಿದ್ಯೆ ಇಡೀ ಮೈಸೂರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು ಎಂದು ಕಾಣುತ್ತದೆ. ನಂಬಿಕೆ ಬಾರದಿದ್ದರೆ ಯಾದವಗಿರಿಯ ಒಂದೆರಡು ಮನೆಗಳಲ್ಲಿ ವಿಚಾರಿಸಿ ನೋಡಿ. ಅಲ್ಲಿನವರು ಅವರನ್ನು ಇನ್ನೂ ಮರೆತಿರಲಾರರು.

ಮಾವ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಮೂವತ್ತು ವರ್ಷ ಹುಡುಗರಿಗೆ ಸ್ಟ್ಯಾಂಡು, ಸ್ಕೇಲು, ಮಸೂರ, ಕನ್ನಡಿ ಎಲ್ಲ ಜೋಡಿಸಿಕೊಟ್ಟು, ಸಂಜೆ ಅವನ್ನೆಲ್ಲ ಮೆತ್ತನೆಯ ಮಲ್ಲು ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕಿ ಬೀಗ ಹಾಕುವುದು ಅವರ ಕೆಲಸ. ಪಾಠ ಮಾಡುವ ಮೇಷ್ಟರುಗಳು ಬಂದು ಹೋದರು, ಹುಡುಗರು ಪಾಸಾಗಿ ಹೋದರು, ಮಾವ ಮಾತ್ರ ಅಲ್ಲೇ ಇದ್ದು ಎಲ್ಲರಿಗಿಂತ ಜಾಸ್ತಿ ಕಲಿತರು. ಆದರೆ ಕಲಿತದ್ದನ್ನು ಬರೆಯಲು ಪರೀಕ್ಷೆ ಇರಲಿಲ್ಲವಲ್ಲ! ಅದಕ್ಕೇ ಅವರು ಮನೆಗೆ ಬರುವ ಪ್ರತಿಯೊಂದು ಸಾಮಾನಿನ ಮೇಲೂ ಪರೀಕ್ಷೆ ನಡೆಸುತ್ತಿದ್ದರು. "ಮೂರು ರೀಡಿಂಗ್ ತೊಗೊಳ್ದೆ ಯಾವ್ದನ್ನೂ ನಂಬ್ಬಾರ್ದು ಕಣಮ್ಮ" ಎಂಬುದು ಅವರ ಗುರುಮಂತ್ರ.

ಕೊಡೆ ಕೊಳ್ಳಲು ಹೊರಟರೆ ಕೈಯಲ್ಲಿ ಒಂದು ಚೊಂಬು ನೀರು ಹಿಡಿದೇ ಹೊರಡುತ್ತಿದ್ದರು. ಅಂಗಡಿಯವನು "ಸ್ವಾಮಿ, ಒಳಗೆ ನೀರು ಉಯ್ಬೇಡಿ!" ಎಂದು ಅರಚಿಕೊಂಡರೆ, "ಮತ್ತೆ ಮಳೆ ಬರೋವರ್ಗೂ ಇಲ್ಲೇ ಕೂತಿರ್ಲೇನಪ್ಪ?" ಎಂದು ಬಹಳ ವಿನಯದಿಂದ ಕೇಳುತ್ತಿದ್ದರು. ಹಾಸಿಗೆ ಕೊಳ್ಳುವಾಗಂತೂ ಮಧ್ಯಾಹ್ನ ಮನೆಯಲ್ಲಿ ಮುದ್ದೆ ಊಟ ಮುಗಿಸಿಕೊಂಡೇ ಅಂಗಡಿಗೆ ಹೋಗಿ, ಮಾದರಿಗೆಂದು ಇಟ್ಟಿದ್ದ ಹಾಸಿಗೆಯ ಮೇಲೆ ಎರಡು ಗಂಟೆ ಗೊರಕೆ ಹೊಡೆದರು. ಎದ್ದವರು ಕಣ್ಣುಜ್ಜಿಕೊಂಡು "ಇದು ಬ್ಯಾಡಪ್ಪ. ಕನಸು ಬಿತ್ತು. ನಿದ್ದೆ ಗಟ್ಟಿಯಾಗಿಲ್ಲ ಅಂತ ಅರ್ಥ. ಆ ಇನ್ನೊಂದನ್ನ ನಾಳೆ ನೋಡ್ತೀನಿ" ಎಂದರಂತೆ. ಮರುದಿನ ಅಂಗಡಿಯವನು ಬೇಗ ಬಾಗಿಲು ಹಾಕಿಕೊಂಡು ಹೋಗಿದ್ದನಂತೆ.

ಇಂಥ ಮಾವನ ಕೈಗೆ ನಾನು ನನ್ನ ಕ್ಯಾಮೆರಾವನ್ನು ಕೊಟ್ಟೆ. ತಪ್ಪು ನನ್ನದೇ!

ಆಗ ನನಗೆ ಪ್ರಾಥಮಿಕ ಶಾಲೆಯೊಂದರಲ್ಲಿ ಹೊಸದಾಗಿ ಟೀಚರ್ ಕೆಲಸ. ಮೈಸೂರಿನ ಅಂಚಿನ ದಟ್ಟಗಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಆಗಷ್ಟೇ ಒಕ್ಕಲು ಹೋಗಿದ್ದೆವು. ಡಿಜಿಟಲ್ ಕ್ಯಾಮೆರಾಗಳು ಮೆಲ್ಲಗೆ ಮಧ್ಯಮವರ್ಗದವರ ಆಸೆಯೊಳಗೆ ನುಸುಳುತ್ತಿದ್ದ ಕಾಲ. ನನ್ನ ಸಹೋದ್ಯೋಗಿಯೊಬ್ಬರ ತಮ್ಮ ಹೊಸದನ್ನು ಕೊಂಡು, ಲೆನ್ಸು ಬದಲಾಯಿಸುವಂಥ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಅರ್ಧ ಬೆಲೆಗೆ ನನಗೆ ಕೊಟ್ಟ. ಕೊಟ್ಟಿದ್ದು ಕ್ಯಾಮೆರಾದ ಮೈ ಮಾತ್ರ. ಲೆನ್ಸನ್ನು ತಾನೇ ಇಟ್ಟುಕೊಂಡ. ಅಲ್ಲಿಗೆ ನನ್ನ ಸ್ಥಿತಿ ಚಪ್ಪಲಿ ಕೊಳ್ಳಲು ಹೋಗಿ ಬರೀ ಅಟ್ಟೆ ತಂದವಳ ಹಾಗಾಯಿತು. ನನ್ನ ಸಂಬಳದಲ್ಲಿ ಒಂದೇ ಒಂದು ಲೆನ್ಸು ಕೊಳ್ಳಬಹುದಿತ್ತು, ಅದೂ ಅಗ್ಗದ್ದು. ಒಮ್ಮೆ ತಪ್ಪಿದರೆ ಇನ್ನೊಂದಕ್ಕೆ ಎರಡು ವರ್ಷ ಕಾಯಬೇಕು. ಲೆನ್ಸಿನ ವಿಷಯ ಬಲ್ಲವರು ನಮ್ಮ ಬಂಧುಬಳಗದಲ್ಲಿ ಇನ್ಯಾರಿದ್ದರು? ಸೀದಾ ಲಕ್ಷ್ಮೀಪುರಂನ ಮಾವನ ಮನೆಗೆ ಹೋದೆ.

"ಮಾವ, ಬಾಡಿ ಸಿಕ್ಕಿದೆ, ಲೆನ್ಸು ಬೇಕು" ಎಂದೆ. ಒಳಗಿನಿಂದ ಅತ್ತೆ, "ಥೂ, ಮುಸ್ಸಂಜೇಲಿ ಎಂಥಾ ಮಾತಾಡ್ತೀಯೇ! ಅದಕ್ಕೆ ಬೇರೆ ಹೆಸ್ರೇ ಇಲ್ವಾ?" ಎಂದು ಗದರಿದರು. ಮಾವ ಮಾತ್ರ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಲೆನ್ಸು ಕೂರಬೇಕಾದ ತೂತಿನೊಳಗೆ ಬಹಳ ಹೊತ್ತು ಬಗ್ಗಿ ನೋಡಿದರು. ಮೂವತ್ತು ವರ್ಷ ಲೆನ್ಸು ಒರೆಸಿದ ಮನುಷ್ಯ. ಅವರ ಕೈಗೆ ಒಂದು ಕ್ಯಾಮೆರಾ ಬಂದದ್ದು ಅದೇ ಮೊದಲು. ಆಮೇಲೆ ಅಡುಗೆಮನೆಯ ಕಡೆ ಓರೆಗಣ್ಣು ಬಿಟ್ಟು, ದನಿ ತಗ್ಗಿಸಿ, "ನೋಡಮ್ಮ, ಕೊಡಿಸ್ತೀನಿ. ಒಂದೇ ಮಾತು. ಮೊದಲ್ನೇ ಫೋಟೋ ನಿಮ್ಮತ್ತೇದು ತೆಗೀಬೇಕು. ಹಕ್ಕಿ ಪಕ್ಕಿ ಎಲ್ಲ ಆಮೇಲೆ" ಎಂದರು.

ಇದು ಎಂಥ ಕಠಿಣವಾದ ಷರತ್ತೆಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಹುಲಿಯ ಫೋಟೋ ತೆಗೆ ಎಂದಿದ್ದರೆ ಒಂದು ದಿನ ಝೂಗೆ ಹೋಗಿ ಮುಗಿಸಿಬಿಡುತ್ತಿದ್ದೆ. ಅತ್ತೆಯ ಫೋಟೋ ಭೂಮಿಯ ಮೇಲೆ ಒಂದೂ ಇರಲಿಲ್ಲ. ಅವರ ಮದುವೆಗೆ ಕರೆಸಿದ್ದ ಫೋಟೋಗ್ರಾಫರು ಧಾರೆಯಿಂದ ಹಿಡಿದು ಊಟದ ಪಂಕ್ತಿಯವರೆಗೆ ಫ್ಲ್ಯಾಷ್ ಹೊಡೆದದ್ದೇ ಹೊಡೆದದ್ದು. ಕೊನೆಗೆ ನೋಡಿದರೆ ರೀಲು ಕ್ಯಾಮೆರಾದ ಹಲ್ಲಿಗೆ ಸಿಕ್ಕಿಕೊಂಡೇ ಇರಲಿಲ್ಲ, ಒಂದು ಚಿತ್ರವೂ ಬಿದ್ದಿರಲಿಲ್ಲ. ಅಲ್ಲಿಂದ ಅತ್ತೆಗೆ ಫೋಟೋ ಎಂದರೆ ತನಗೆ ಒಗ್ಗದ ವಸ್ತು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಮಾಯ! ನಮ್ಮ ವಂಶದ ಆಲ್ಬಮ್ಮುಗಳಲ್ಲಿ ಅತ್ತೆಯ ಸೆರಗಿನ ತುದಿ ಇದೆ, ಬೆನ್ನಿದೆ, ಪಾಯಸ ಬಡಿಸುತ್ತಿರುವ ಕೈ ಇದೆ. ಮುಖ ಮಾತ್ರ ಇಲ್ಲ. ಸರ್ಕಾರದವರು ವೋಟರ್ ಕಾರ್ಡಿಗೆಂದು ಕೂರಿಸಿ ತೆಗೆದಾಗ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆಯುತ್ತಿದ್ದರಂತೆ. ಮಾವ ಆ ಕಾರ್ಡನ್ನು ನೋಡಿ, "ಇದೊಂದು ರೀಡಿಂಗು. ಲೆಕ್ಕಕ್ಕಿಲ್ಲ" ಎಂದು ತೀರ್ಪು ಕೊಟ್ಟಿದ್ದರು.

ಸರಿ, ಮರುದಿನವೇ ಇಬ್ಬರೂ ಕ್ಯಾಮೆರಾ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನ ಮೂರು ಲೆನ್ಸುಗಳನ್ನು ಗಾಜಿನ ಮೇಲಿಟ್ಟ. ಒಂದು, ಹತ್ತಿರದ ದೃಶ್ಯವನ್ನು ವಿಶಾಲವಾಗಿ ಹಿಡಿಯುವ, ಸ್ವಲ್ಪ ಜೂಮೂ ಆಗುವ, ಹದಿನೆಂಟು ಮಿಲಿಮೀಟರಿನಿಂದ ಶುರುವಾಗುವಂಥದ್ದು. ಇನ್ನೊಂದು, ದೂರದ್ದನ್ನು ಹತ್ತಿರಕ್ಕೆ ಎಳೆದು ತರುವ, ಇನ್ನೂರು ಮಿಲಿಮೀಟರಿನ ಉದ್ದ ಕೊಳವೆ. ಮೂರನೆಯದು, ಲಿಂಬೆಹಣ್ಣಿಗಿಂತ ತುಸು ದೊಡ್ಡದಾದ, ಹಿಂದೆ ಮುಂದೆ ಏನೂ ಆಗದ, ಐವತ್ತು ಮಿಲಿಮೀಟರಿನ ಒಂದು ಗಿಡ್ಡ. ಮೂರರಲ್ಲಿ ಅದೇ ಅಗ್ಗ.

"ಮೇಡಂ, ಉದ್ದಂದೇ ತೊಗೊಳ್ಳಿ" ಎಂದ ಯಜಮಾನ. "ಇಲ್ಲಿ ನಿಂತ್ಕೊಂಡು ಚಾಮುಂಡಿ ಬೆಟ್ಟದ ಮೇಲಿರೋ ಜನಾನ ಎಣಿಸ್ಬೋದು."

"ಎಣಿಸಿ ಯಾರಿಗೆ ಒಪ್ಪಿಸ್ಬೇಕಪ್ಪ?" ಎಂದರು ಮಾವ.

ಯಜಮಾನ ತಬ್ಬಿಬ್ಬಾದ. "ಅಲ್ಲ ಸಾರ್, ಎಲ್ರೂ ಜೂಮ್ ಎಷ್ಟು ಅಂತ್ಲೇ ಕೇಳ್ತಾರೆ..."

"ಈ ಹುಡುಗಿ ಏನನ್ನ ನೋಡ್ತಾಳೆ ಅಂತ ಇವಳಿಗೇ ಗೊತ್ತಿಲ್ಲ. ಅದು ಗೊತ್ತಾಗ್ದೆ ನೀನು ಲೆನ್ಸು ಕೊಟ್ಟು ಏನ್ ಪ್ರಯೋಜ್ನ? ಬರ್ತೀವಪ್ಪ. ಒಂದೆರಡು ತಿಂಗ್ಳು ಬುಟ್ಟು ಬರ್ತೀವಿ" ಎಂದು ಮಾವ ಚಪ್ಪಲಿ ಮೆಟ್ಟಿಯೇಬಿಟ್ಟರು. ನನಗೋ ಅಳು ಬರುವುದೊಂದು ಬಾಕಿ!

ಮೂರು ದಿನ ಬಿಟ್ಟು ಹೋದಾಗ ಮಾವ ನನಗೆ ಒಂದು ರಟ್ಟಿನ ತುಂಡು ಕೊಟ್ಟರು. ನಾವ್ಯಾರೂ ಹೋಗದ ಯಾವುದೋ ಮದುವೆಯ ದಪ್ಪ ಲಗ್ನಪತ್ರಿಕೆ, ಮೂಲೆಗಳಲ್ಲಿ ಅರಿಶಿನ ಇನ್ನೂ ಹಾಗೇ ಇತ್ತು. ಅದರ ನಟ್ಟನಡುವೆ, ಮುಹೂರ್ತದ ಸಾಲನ್ನು ನುಂಗಿಹಾಕಿ, ಬ್ಲೇಡಿನಿಂದ ಒಂದು ಸಣ್ಣ ಕಿಂಡಿ ಕೊರೆದಿದ್ದರು. ಕ್ಯಾಮೆರಾ ಜೊತೆ ಬಂದ ಪುಸ್ತಕವನ್ನು ಅವರು ಮೊದಲಿನಿಂದ ಕೊನೆಯವರೆಗೆ, ಗೊತ್ತಿಲ್ಲದ ಭಾಷೆಯ ಪುಟಗಳನ್ನೂ ಬಿಡದೆ, ನೋಡಿ ಮುಗಿಸಿದ್ದರು. ಕ್ಯಾಮೆರಾದೊಳಗೆ ಚಿತ್ರ ಬೀಳುವ ಜಾಗ ಇಪ್ಪತ್ತೆರಡು ಮಿಲಿಮೀಟರ್ ಉದ್ದ, ಹದಿನೈದು ಅಗಲ. ಕಿಂಡಿಯ ಅಳತೆಯೂ ಅಷ್ಟೇ. ರಟ್ಟಿಗೊಂದು ದಾರ ಕಟ್ಟಿ, ಆ ದಾರದಲ್ಲಿ ಮೂರು ಗಂಟು ಹಾಕಿದ್ದರು. ರಟ್ಟಿನಿಂದ ಹದಿನೆಂಟು ಮಿಲಿಮೀಟರಿಗೆ ಒಂದು, ಐವತ್ತಕ್ಕೆ ಒಂದು, ಇನ್ನೂರಕ್ಕೆ ಒಂದು.

"ಬೇಕಾದ್ ಗಂಟನ್ನ ಕಣ್ಣಿನ್ ಪಕ್ಕ ಕೆನ್ನೆಗೆ ಒತ್ಕೋ. ದಾರ ಬಿಗಿಯಾಗೋ ಹಂಗೆ ರಟ್ಟನ್ನ ಮುಂದಕ್ಕೆ ಹಿಡಿ. ಒಂದು ಕಣ್ಣು ಮುಚ್ಚು. ಈಗ ಕಿಂಡೀಲಿ ಏನ್ ಕಾಣುತ್ತೋ, ಆ ಲೆನ್ಸು ಹಾಕಿದ್ರೂ ಅಷ್ಟೇ ಕಾಣೋದು. ನೋಡಿದ್ಯಾ? ಬಿಟ್ಟಿ ಲೆನ್ಸು!"

ನೋಡಿದೆ. ಹದಿನೆಂಟರ ಗಂಟಿಗೆ ರಟ್ಟು ರೆಪ್ಪೆಗೆ ತಾಗುವಷ್ಟು ಹತ್ತಿರ, ಇಡೀ ನಡುಮನೆ ಕಿಂಡಿಯೊಳಗಿತ್ತು. ಇನ್ನೂರಕ್ಕೆ ಗೋಡೆ ಗಡಿಯಾರದ ಮುಖವೊಂದೇ. ಐವತ್ತಕ್ಕೆ, ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಅತ್ತೆ ಕಂಡರು.

"ಮದ್ವೇಲಿ ಮೂರು ಗಂಟು ಹಾಕಿದ್ದು ಸಾಲ್ದೂಂತ ಈ ವಯಸ್ಸಲ್ಲಿ ಲಗ್ನಪತ್ರಿಕೆಗೆ ಗಂಟು ಹಾಕ್ತಾ ಕೂತವ್ರೆ ನೋಡು" ಎಂದು ಹೇಳಿ ಅವರು ಒಳಗೆ ಹೋದರು.

ಇಷ್ಟಕ್ಕೇ ಮುಗಿಯಲಿಲ್ಲ. ಲ್ಯಾಬ್ ಎಂದಮೇಲೆ ರೆಕಾರ್ಡ್ ಪುಸ್ತಕ ಬೇಡವೇ? ಮಾವ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ, ಕ್ರಮಸಂಖ್ಯೆ, ವಸ್ತು, ಗಂಟು, ಷರಾ ಎಂದು ನಾಲ್ಕು ಮನೆ ಮಾಡಿದರು. ಎಲ್ಲೇ ಹೋಗಲಿ, "ಆಹಾ, ಇದನ್ನು ತೆಗೆಯಬೇಕು" ಎನ್ನಿಸಿದ ಕೂಡಲೇ ರಟ್ಟು ಹಿಡಿದು, ಯಾವ ಗಂಟಿಗೆ ಚೆನ್ನಾಗಿ ಕೂರುತ್ತದೆಂದು ನೋಡಿ ಬರೆಯಬೇಕು. ಎರಡು ತಿಂಗಳಾದ ಮೇಲೆ ಯಾವ ಗಂಟು ಹೆಚ್ಚು ಸಲ ಬಂದಿರುತ್ತದೋ ಆ ಲೆನ್ಸು. ನನಗೆಂದು ಇನ್ನೊಂದು ರಟ್ಟು, ಇನ್ನೊಂದು ಪುಸ್ತಕ ಮಾಡಿಕೊಟ್ಟು, ಅರಿಶಿನದ ಮೂಲೆಯ ರಟ್ಟನ್ನು ತಾವಿಟ್ಟುಕೊಂಡರು. "ನಿಮಗ್ಯಾಕೆ ಮಾವ? ಫೋಟೋ ತೆಗೆಯೋಳು ನಾನು" ಎಂದರೆ, "ಒಬ್ರ ರೀಡಿಂಗ್ ನಂಬ್ಬಾರ್ದಮ್ಮ" ಎಂದರು.

ನಾನು ಸ್ಕೂಲಿಗೆ ಹೋಗುವವಳು, ಮರ್ಯಾದೆ ಎಂಬುದೊಂದಿತ್ತು. ರಟ್ಟನ್ನು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಯಾರೂ ಇಲ್ಲದಾಗ ನೋಡುತ್ತಿದ್ದೆ. ದಟ್ಟಗಳ್ಳಿಯಲ್ಲಿ ಆಗ ಇದ್ದದ್ದಾದರೂ ಏನು? ಖಾಲಿ ಸೈಟು, ಅದರಾಚೆ ಇನ್ನೊಂದು ಖಾಲಿ ಸೈಟು. ಅದು ಯಾವ ಗಂಟಿಗೂ ಒಂದೇ ಥರ ಕಾಣುತ್ತಿತ್ತು. ಮಾವನಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಹಾಲಿನ ಬೂತಿನ ಮುಂದೆ, ಬಸ್ ಸ್ಟಾಪಿನಲ್ಲಿ, ಮಠದಲ್ಲಿ ಪ್ರಸಾದಕ್ಕೆ ಕೂತ ಪಂಕ್ತಿಯಲ್ಲಿ ಕೂಡ ಒಂದು ಕಣ್ಣು ಮುಚ್ಚಿ ರಟ್ಟು ಹಿಡಿದುಬಿಡುವರು. ಎದುರು ಸಾಲಿನಲ್ಲಿದ್ದ ಹಿರಿಯರೊಬ್ಬರು, ತಮಗೇನೋ ದೃಷ್ಟಿ ತೆಗೆಯುತ್ತಿದ್ದಾರೆಂದು ತಿಳಿದು ಕೈಮುಗಿದರಂತೆ.

ಯಾದವಗಿರಿಯ ಪ್ರಸಂಗವೇ ಪ್ರಸಂಗ. ಅಲ್ಲಿಯ ಹಳೆಯ ಬಂಗಲೆಗಳ ಮುಂದೆ ದೊಡ್ಡ ಮರಗಳು, ಮೌನವಾದ ರಸ್ತೆ. ಒಂದು ಬೆಳಿಗ್ಗೆ ಮಾವ ಅಲ್ಲಿ ನಿಂತು, ಒಂದು ಮನೆಯ ಕಾಂಪೌಂಡಿಗೆ ರಟ್ಟು ಹಿಡಿದು, ಹಿಂದಕ್ಕೆ ಎರಡು ಹೆಜ್ಜೆ ಮುಂದಕ್ಕೆ ಎರಡು ಹೆಜ್ಜೆ ಹಾಕುತ್ತ, ನಡುನಡುವೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಜೊತೆಗಿದ್ದ ನಾನು ಮರದ ಮರೆಗೆ ಸರಿದು ನಿಂತಿದ್ದೆ. ಗೇಟು ತೆಗೆದು ಒಬ್ಬ ಯಜಮಾನರು ಮಫ್ಲರ್ ಸರಿಮಾಡಿಕೊಳ್ಳುತ್ತ ಬಂದರು. ಮುಖದಲ್ಲಿ ರಕ್ತವಿಲ್ಲ.

"ಏನ್ರೀ, ರಸ್ತೆ ಅಗಲ ಮಾಡೋರ ಕಡೆಯಿಂದ ಬಂದ್ರಾ? ಅಳೀತಿದ್ದೀರಲ್ಲ. ನಿಜ ಹೇಳ್ಬಿಡಿ, ನಮ್ಮ ಕಾಂಪೌಂಡು ಎಷ್ಟು ಹೋಗುತ್ತೆ?"

ಮಾವನಿಗೆ ಪ್ರಶ್ನೆಯ ಕೊನೆಯ ಭಾಗ ಮಾತ್ರ ಮುಖ್ಯವಾಗಿ ಕಂಡಿತು. ಬಹಳ ಗಂಭೀರವಾಗಿ ಇನ್ನೊಮ್ಮೆ ನೋಡಿ, "ಹದಿನೆಂಟಕ್ಕಾದ್ರೆ ಏನೂ ಹೋಗಲ್ಲ ಸ್ವಾಮಿ, ಪೂರ್ತಿ ಉಳಿಯುತ್ತೆ. ಐವತ್ತಕ್ಕೆ ಅರ್ಧ ಕಾಂಪೌಂಡು, ಆ ಸಂಪಿಗೆ ಮರ ಹೋಗುತ್ತೆ. ಇನ್ನೂರಕ್ಕೆ ನಿಮ್ಮ ಕರೆಗಂಟೆ ಒಂದೇ ಉಳಿಯೋದು" ಎಂದರು.

ಯಜಮಾನರು ಗೇಟು ಹಿಡಿದುಕೊಂಡು ಕೂತೇಬಿಟ್ಟರು! ನಾನು ಮರದ ಮರೆಯಿಂದ ಓಡಿಬಂದು, ಕ್ಯಾಮೆರಾದ ಕಥೆಯನ್ನೆಲ್ಲ ಹೇಳಿ, ಅವರ ಮನೆಯವರು ನೀರು ತಂದುಕೊಟ್ಟು, ಎಲ್ಲ ಸರಿಹೋಗುವ ಹೊತ್ತಿಗೆ ಒಂದು ಗಂಟೆ ಆಯಿತು. ಕೊನೆಗೆ ನೋಡಿದರೆ ಆ ಯಜಮಾನರೇ ರಟ್ಟು ಹಿಡಿದು ತಮ್ಮ ಸಂಪಿಗೆ ಮರವನ್ನು ಮೂರೂ ಗಂಟಿನಲ್ಲಿ ನೋಡುತ್ತಿದ್ದರು. "ಈ ಮರ ಇಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ" ಎಂದರು. ಮಾವ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಎರಡು ತಿಂಗಳಾಯಿತು. ನನ್ನ ಪುಸ್ತಕ ತೆಗೆದು ಎಣಿಸಿದೆವು. ನನಗೇ ಆಶ್ಚರ್ಯ. ಬೆಟ್ಟ, ಅರಮನೆ, ಹಕ್ಕಿ ಎಂದು ಕನಸು ಕಂಡಿದ್ದ ನಾನು ನಿಜವಾಗಿ ರಟ್ಟು ಎತ್ತಿದ್ದೆಲ್ಲ ಮನುಷ್ಯರ ಮುಖಕ್ಕೆ. ಮಗ್ಗಿ ಮರೆತು ಮೇಲೆ ನೋಡುವ ಹುಡುಗಿ, ಹೂ ಕಟ್ಟುವವಳು, ಎಲೆಅಡಿಕೆ ಬಾಯೊಳಗಿಟ್ಟುಕೊಂಡು ನಗುವ ನಮ್ಮ ಪಕ್ಕದ ಮನೆಯ ಅಜ್ಜ. ಹತ್ತಕ್ಕೆ ಏಳು ಐವತ್ತರ ಗಂಟು. ಇನ್ನೂರು ಬಂದಿದ್ದು ಎರಡೇ ಸಲ, ಅದರಲ್ಲೊಂದು ನಮ್ಮ ಹೆಡ್‌ಮಿಸ್ಸು ದೂರದಲ್ಲಿ ಬರುತ್ತಿದ್ದಾರೋ ಎಂದು ನೋಡಿದ್ದು.

ಆಮೇಲೆ ಮಾವನ ಪುಸ್ತಕ ತೆಗೆದೆ. ಮೊದಲ ಪುಟಗಳಲ್ಲಿ ಊರೆಲ್ಲ ಇತ್ತು. ಅರ್ಧದಿಂದ ಆಚೆಗೆ ಒಂದೇ ವಸ್ತು. "ಮನೆಯಾಕೆ, ಹುರುಳಿಕಾಯಿ ಸೋಸುತ್ತ. ಐವತ್ತು. ಷರಾ: ಓಡಿದಳು." "ಮನೆಯಾಕೆ, ಅಕ್ಕಿ ಆರಿಸುತ್ತ. ಐವತ್ತು. ಷರಾ: ಓಡಿದಳು." "ಮನೆಯಾಕೆ, ವಿಭೂತಿ ಹಚ್ಚಿಕೊಳ್ಳುತ್ತ. ಐವತ್ತು. ಷರಾ: ಬೈದಳು." ಪುಟ ತಿರುವಿದೆ. "ಬೈದಳು." "ಬೈದಳು, ಆದರೆ ಓಡಲಿಲ್ಲ." "ಏನೂ ಅನ್ನಲಿಲ್ಲ." "ನೀವು ಕಾಫಿ ಕುಡಿದ್ರಾ ಎಂದು ಕೇಳಿದಳು." ಕೊನೆಯದಾಗಿ, "ನಕ್ಕಳು."

ನಾನು ಪುಸ್ತಕ ಮುಚ್ಚಿ ಮಾವನ ಮುಖ ನೋಡಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಹೊಸ ಎತ್ತಿಗೆ ಒಂದೇ ಸಲ ಗಾಡಿ ಕಟ್ತಾರೇನಮ್ಮ? ಮೊದ್ಲು ಬರೀ ನೊಗ ಅಭ್ಯಾಸ ಮಾಡಿಸ್ಬೇಕು. ನಿಮ್ಮತ್ತೆಗೆ ಹೇಳ್ಬುಟ್ಟೀಯ ಮತ್ತೆ!" ಎಂದರು. ಎರಡು ತಿಂಗಳು ನನ್ನ ಹೊಟ್ಟೆ ಉರಿಸಿದ್ದು ಇದಕ್ಕೆ! ನನಗೆ ಸಿಟ್ಟೂ ಬಂತು, ಆ ಸಿಟ್ಟಿನ ಹಿಂದೆಯೇ ಮಾವನ ಮೇಲೆ ತಡೆಯಲಾರದಷ್ಟು ಪ್ರೀತಿಯೂ ಬಂತು.

ಗಿಡ್ಡ ಲೆನ್ಸನ್ನು ಕೊಳ್ಳಲು ಹೋದ ದಿನ ಅಂಗಡಿಯ ಯಜಮಾನ ಮತ್ತೆ ಎಚ್ಚರಿಸಿದ, "ಇದು ಜೂಮ್ ಆಗಲ್ಲ ಸಾರ್. ಆಮೇಲೆ ಬಂದು ಕೇಳ್ಬಾರ್ದು."

"ಕಾಲಿದಾವಲ್ಲಪ್ಪ. ನಾಲ್ಕು ಹೆಜ್ಜೆ ಹೋದ್ರೆ ಜೂಮು, ನಾಲ್ಕು ಹೆಜ್ಜೆ ಬಂದ್ರೆ ವಾಪಸ್ಸು" ಎಂದು ಮಾವ ಲೆನ್ಸನ್ನು ಕೈಗೆ ತೆಗೆದುಕೊಂಡರು. ಜೇಬಿನಿಂದ ಮಲ್ಲು ಬಟ್ಟೆ ತೆಗೆದು ಅದನ್ನು ಸವರಿದರು. ಆಮೇಲೆ ಅಂಗಡಿಯ ಒಳಗಿನ ಮಬ್ಬು ಮೂಲೆಗೆ ಹೋಗಿ ನಿಂತು, ರಸ್ತೆಯ ಕಡೆಗೆ ಲೆನ್ಸು ಹಿಡಿದು, ಅದರ ಹಿಂದೆ ಒಂದು ಬಿಲ್ಲು ಕಾಗದವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿದರು. ಕಾಗದದ ಮೇಲೆ ಇಡೀ ರಸ್ತೆ ಬಿತ್ತು! ತಲೆಕೆಳಗಾಗಿ ಆಟೋಗಳು ಓಡಾಡಿದವು, ತಲೆಕೆಳಗಾಗಿ ಒಬ್ಬಳು ಕೊತ್ತಂಬರಿ ಸೊಪ್ಪು ಚೌಕಾಸಿ ಮಾಡಿದಳು, ಬಣ್ಣ ಕೂಡ ಹಾಗೇ ಇತ್ತು. ಗಿರಾಕಿಗಳೆಲ್ಲ ಬಿಲ್ಲಿನ ಸುತ್ತ ಮುತ್ತಿಕೊಂಡರು. ಇಷ್ಟು ವರ್ಷ ಲೆನ್ಸು ಮಾರಿದ ಯಜಮಾನನೂ ಗಲ್ಲಾ ಬಿಟ್ಟು ಬಂದು ಬಾಯಿ ತೆರೆದುಕೊಂಡು ನಿಂತ. ಮಾವನ ಮುಖದಲ್ಲಿ ಆಗ ಇದ್ದ ಸಂತೋಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಥಟ್ಟನೆ ಕ್ಯಾಮೆರಾಕ್ಕೆ ಲೆನ್ಸು ಸಿಕ್ಕಿಸಿ, "ಮಾವ, ಹಾಗೇ ನಿಂತ್ಕೊಳ್ಳಿ" ಎಂದೆ.

"ನನ್ನನ್ಯಾಕಮ್ಮ? ನಾನು ಲೆನ್ಸಿನ ಈ ಕಡೇವ್ನು" ಎನ್ನುತ್ತ ಅವರು ಸರಕ್ಕನೆ ನನ್ನ ಎಡಕ್ಕೆ ಬಂದು ನಿಂತು, "ಎಲ್ಲಿ, ಏನ್ ಕಾಣುತ್ತೆ ನೋಡೋಣ" ಎಂದು ಕ್ಯಾಮೆರಾದೊಳಗೆ ಇಣುಕಿದರು. "ಅಲ್ದೆ ಮೊದಲ್ನೇ ಫೋಟೋ ಯಾರ್ದು ಅಂತ ಮಾತಾಗಿದೆ."

ಭಾನುವಾರ ಆ ಮಹಾಕಾರ್ಯ. ಅವರೆಕಾಯಿಯ ಕಾಲ. ಅತ್ತೆ ಹಿತ್ತಲ ಜಗಲಿಯ ಮೇಲೆ ಕೂತು ನೆನೆಹಾಕಿದ ಕಾಳು ಹಿಚುಕುತ್ತಿದ್ದರು. ಹೊತ್ತನ್ನು ಆರಿಸಿದ್ದು ಮಾವನೇ. "ಎರಡೂ ಕೈ ಒದ್ದೆ, ತೊಡೆ ಮೇಲೆ ಪಾತ್ರೆ. ಓಡಕ್ಕಾಗಲ್ಲ" ಎಂದು ಪಿಸುಗುಟ್ಟಿದರು. ನಾನು ಕ್ಯಾಮೆರಾ ಎತ್ತಿದೆ. ಅಷ್ಟೇ! ಎರಡು ತಿಂಗಳು ರಟ್ಟಿಗೆ ಹೊಂದಿಕೊಂಡಿದ್ದ ಅತ್ತೆ, ಆ ಕಪ್ಪು ಗಾಜಿನ ಕಣ್ಣು ಕಂಡದ್ದೇ ತಡ, ಪಾತ್ರೆಯ ಸಮೇತ ಗೋಡೆಯ ಕಡೆ ತಿರುಗಿ ಕೂತರು. "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಶುರುಮಾಡಿದರು. ಒಲೆಯ ಮೇಲೆ ಏನೂ ಇರಲಿಲ್ಲ.

ಇಷ್ಟೆಲ್ಲ ಮಾಡಿ, ಮತ್ತೆ ಅತ್ತೆಯ ಬೆನ್ನೇ? ಮಾವ ನನ್ನ ಎಡಭುಜಕ್ಕೆ ತಾಗಿಕೊಂಡು ನಿಂತು, ಜೇಬಿನಿಂದ ಅರಿಶಿನದ ಮೂಲೆಯ ಆ ರಟ್ಟನ್ನು ತೆಗೆದು, ನಡುವಿನ ಗಂಟನ್ನು ಕೆನ್ನೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಹೆಂಡತಿಯ ಬೆನ್ನನ್ನೇ ನೋಡುತ್ತ ನಿಂತರು. ಬಹಳ ಹೊತ್ತು ಸದ್ದಿಲ್ಲದ್ದರಿಂದ ಅತ್ತೆ ಮೆಲ್ಲಗೆ ಹಿಂದಿರುಗಿ ನೋಡಿದರು.

"ಅಯ್ಯೋ ಶಿವನೇ! ಅಷ್ಟು ದುಡ್ಡು ಕೊಟ್ಟು ಹೊಸಾದು ತಂದಾಯ್ತಲ್ರೀ. ಇನ್ನೂ ಆ ರಟ್ಟು ಬುಡ್ಲಿಲ್ವಾ ನೀವು?"

ಹೇಳುತ್ತ ಹೇಳುತ್ತ ಅವರಿಗೆ ನಗು ಬಂದುಬಿಟ್ಟಿತು. ನಾನು ಒತ್ತಿದೆ.

ಆ ಫೋಟೋ ಎಲ್ಲರಿಗೂ ಮೆಚ್ಚಿಗೆಯಾಯಿತು. ಮಾವ ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಬಂದವರೆಲ್ಲ, "ಬಹಳ ಚೆನ್ನಾಗಿದೆ. ಆದರೆ ಕ್ಯಾಮೆರಾ ಕಡೆ ನೋಡಿದ್ದಿದ್ರೆ ಚೆನ್ನಾಗಿರ್ತಿತ್ತು" ಎನ್ನುತ್ತಿದ್ದರು. ನಿಜವೇ. ಅತ್ತೆಯ ಕಣ್ಣು ಲೆನ್ಸಿನ ಮೇಲಿರಲಿಲ್ಲ, ತುಸು ಪಕ್ಕಕ್ಕಿತ್ತು. ನನಗೂ ಅದೊಂದು ಕೊರತೆಯೆಂದೇ ಅನ್ನಿಸುತ್ತಿತ್ತು. ಮಾವನನ್ನು ಕೇಳಿದರೆ, "ರೀಡಿಂಗ್ ಸರಿಯಾಗಿದೆ ಬುಡು" ಎಂದಷ್ಟೇ ಹೇಳಿ ಮೀಸೆಯಡಿಯಲ್ಲಿ ನಗುವರು.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ, ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಲ್ಲೇ ಮಾವ ಹೋಗಿಬಿಟ್ಟರು. ಮಕ್ಕಳಿಲ್ಲದ ಮನೆ. ಅಪ್ಪ, ಅಮ್ಮ, ನಾನು ಅಲ್ಲೇ ಉಳಿದೆವು. ಶಿವಗಣಾರಾಧನೆಯ ಕಾರ್ಡು ಅಚ್ಚು ಹಾಕುವವರು ಫೋಟೋ ಕೇಳಿದರು. ಅಪ್ಪ ನನ್ನ ಕಡೆ ತಿರುಗಿ, "ನಿನ್ನ ಹತ್ರ ಬೇಕಾದಷ್ಟು ಇರ್ಬೇಕಲ್ಲಮ್ಮ" ಎಂದರು.

ನಾನೂ ಹಾಗೆಂದೇ ತಿಳಿದಿದ್ದೆ. ಮೂರು ವರ್ಷದ ಸಾವಿರಾರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಮಾವನ ಸ್ಕೂಟರು ಇತ್ತು. ಕುರ್ಚಿ ಇತ್ತು. ಒಂದರ ಅಂಚಿನಲ್ಲಿ ಅವರ ಮೊಣಕೈ, ಇನ್ನೊಂದರಲ್ಲಿ "ಅದನ್ನ ತೆಗಿ" ಎಂದು ತೋರಿಸುತ್ತಿದ್ದ ಬೆರಳು. ಮುಖ ಒಂದರಲ್ಲೂ ಇರಲಿಲ್ಲ. ನಾನು ಕ್ಯಾಮೆರಾ ಎತ್ತಿದಾಗಲೆಲ್ಲ ಅವರು ನನ್ನ ಎಡಕ್ಕೆ ಬಂದು ನಿಂತು, ಏನು ಕಾಣುತ್ತದೆಂದು ನೋಡುತ್ತಿದ್ದರಲ್ಲ! ಕಾಲೇಜಿನ ಹಳೆಯ ಗುರುತಿನ ಚೀಟಿ ಸಿಕ್ಕಿತು. ಅದರಲ್ಲಿ ಸೀಲು ಮುಖದ ಮೇಲೆಯೇ ಬಿದ್ದು ಒಂದು ಕಿವಿ ಮಾತ್ರ ಸ್ಪಷ್ಟವಾಗಿತ್ತು. ವೋಟರ್ ಕಾರ್ಡಿನಲ್ಲಿದ್ದವರು ಮಾವನೇ ಎಂದು ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ. ಊರಿನವರ ಮುಖವನ್ನೆ‍ಲ್ಲ ತೆಗೆದ ನಾನು, ನನಗೆ ನೋಡುವುದನ್ನು ಕಲಿಸಿದವರ ಒಂದು ಫೋಟೋ ತೆಗೆದಿಟ್ಟುಕೊಳ್ಳಲಿಲ್ಲ. ಆ ಚೀಟಿಯನ್ನು ಹಿಡಿದುಕೊಂಡು ನಡುಮನೆಯಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ.

ಎರಡು ದಿನದಿಂದ ಮೂಲೆ ಬಿಟ್ಟೇಳದಿದ್ದ ಅತ್ತೆ ಎದ್ದರು. ಗೋಡೆಯಿಂದ ತಮ್ಮದೇ ಫೋಟೋವನ್ನು ಇಳಿಸಿ, ಸೆರಗಿನಿಂದ ಗಾಜು ಒರೆಸಿ, ತಂದು ನನ್ನ ತೊಡೆಯ ಮೇಲಿಟ್ಟರು.

"ಇದನ್ನ ಇಡಮ್ಮ."

ಅಮ್ಮ ಗಾಬರಿಯಾದರು. "ಅಯ್ಯೋ, ಬದುಕಿರೋರ ಫೋಟೋ ಇಡ್ತಾರೇನೇ? ಅದೂ ನಿನ್ನದು! ನಿನಗೆಲ್ಲೋ ಬುದ್ಧಿ ಸ್ವಾಧೀನದಲ್ಲಿಲ್ಲ."

"ನನ್ ಫೋಟೋ ಅಲ್ಲ ಅತ್ಗೆ ಅದು" ಎಂದರು ಅತ್ತೆ. "ಸರಿಯಾಗ್ ನೋಡಿ. ನಾನು ಯಾರನ್ನ ನೋಡ್ತಿದೀನಿ ಅದ್ರಲ್ಲಿ?"

ಅಮ್ಮ ಫೋಟೋವನ್ನು ಕೈಗೆತ್ತಿಕೊಂಡು ನೋಡಿ, ಮೆಲ್ಲಗೆ ಮತ್ತೆ ಗೋಡೆಗೆ ತೂಗುಹಾಕಿದರು. ಕಾರ್ಡಿನಲ್ಲಿ ಫೋಟೋ ಹಾಕಿಸಲಿಲ್ಲ. ಆರಾಧನೆಯ ದಿನ ಫೋಟೋ ಇಡುವ ಮಣೆಯ ಮೇಲೆ ಅತ್ತೆ ಆ ಲಗ್ನಪತ್ರಿಕೆಯ ರಟ್ಟನ್ನು ನಿಲ್ಲಿಸಿ, ವಿಭೂತಿ ಹಚ್ಚಿ, ಒಂದು ಹೂವಿಟ್ಟರು. ಬಂದ ಜನಕ್ಕೆ ಏನೂ ಅರ್ಥವಾಗಲಿಲ್ಲ, ಆದರೂ ಕೈಮುಗಿದರು.

ಎಲ್ಲರೂ ಊಟ ಮಾಡಿ ಹೋದ ಮೇಲೆ ನಾನು ಕಪಾಟಿನಿಂದ ಮಾವನ ರೆಕಾರ್ಡ್ ಪುಸ್ತಕ ತೆಗೆದೆ. ಲೆನ್ಸು ಕೊಂಡ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ ಎಂದುಕೊಂಡಿದ್ದೆ. "ನಕ್ಕಳು" ಎಂಬುದರ ಕೆಳಗೆ ಇನ್ನೊಂದು ಸಾಲಿತ್ತು. ಆ ಭಾನುವಾರದ್ದು, ಮಾವನ ಗುಂಡು ಅಕ್ಷರದಲ್ಲಿ. "ಮನೆಯಾಕೆ, ಅವರೆಕಾಳು ಹಿಚುಕುತ್ತ. ಐವತ್ತು. ಷರಾ: ನನ್ನನ್ನು ನೋಡಿದಳು."